ಖಾಲಿ ಸಾಲು ಅಳಿಸಿದ ದಿನ

ಹಳೇ ಪುಸ್ತಕದ ಕಸ ಗುಡಿಸೂದ್ರಲ್ಲಿ ನನ್ನಷ್ಟು ಚುರುಕಿನ ಹುಡುಗಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ಇನ್ನೊಬ್ಬಳಿಲ್ಲ. ಇದನ್ನ ನಾನೇ ಹೇಳ್ಕೊಳ್ಳೂದು, ಯಾಕಂದ್ರೆ ಬೇರೆ ಯಾರೂ ಇನ್ನೂ ಹೇಳ್ಲಿಲ್ಲ.

ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಾವುಂದದ ನಮ್ಮ ಮನೇಲಿ ಫ್ಯಾನಿನ ಅಡಿಗೆ ಮಲಗಿ ಮಲಗಿ ಚಾಪೆಯೇ ನನ್ನ ಆಕಾರಕ್ಕೆ ಬಂದಿತ್ತು. ಅಮ್ಮ ತಡೀಲಾರ್ದೆ ನನ್ನನ್ನ ಕುಂದಾಪುರದ ಒಂದು ಕಂಪ್ಯೂಟರ್ ಅಂಗಡಿಗೆ ದಬ್ಬಿದ್ರು. ಅಲ್ಲಿ ಹಳೇ ಪುಸ್ತಕ ಸ್ಕ್ಯಾನ್ ಮಾಡಿ, ಫೋನಲ್ಲಿ ಓದುವ ಹಾಗೆ ಇ-ಪುಸ್ತಕ ಮಾಡಿ ಕೊಡ್ತಿದ್ರು. ಸ್ಕ್ಯಾನರಿಗೆ ಕಣ್ಣುಂಟು, ಬುದ್ಧಿ ಇಲ್ಲ. ಪುಟದ ಮೇಲಿದ್ದ ತಲೆಬರಹ, ಕೆಳಗಿದ್ದ ನಂಬರು, ಓದಿದವರ ಎಣ್ಣೆ ಬೆರಳಿನ ಗುರುತು, ಎಲ್ಲವನ್ನೂ ಅಕ್ಷರ ಅಂತ್ಲೇ ನಂಬಿ ಸಾಲಿನ ಮಧ್ಯೆ ತುರುಕ್ತದೆ. ಬ್ರಹ್ಮಾವರದ ಒಬ್ರು ಹೆಂಗಸು ತಮ್ಮ ಅತ್ತೆಯ ಅಡುಗೆ ಪುಸ್ತಕ ಕೊಟ್ಟಿದ್ರು. ಅದ್ರಲ್ಲಿ "ಎಣ್ಣೆ ಕಾದ ಮೇಲೆ 83 ಸಾಸಿವೆ ಹಾಕಿ" ಅಂತ ಬಂದಿತ್ತು. ಎಂಬತ್ತಮೂರು ಪುಟದ ನಂಬರು. ನಾನು ಹಾಗೇ ಬಿಟ್ಟಿದ್ರೆ ಬ್ರಹ್ಮಾವರದಲ್ಲಿ ಎಷ್ಟು ಜನ ಸಾಸಿವೆ ಎಣಿಸ್ತಾ ಕೂತಿರ್ತಿದ್ರೋ.

ಪುಟ ಪುಟ ಕಂಡ್ಕಂಡು ಒಂದೊಂದೇ ತಿದ್ದು ಅಂತ ಅಂಗಡಿಯ ಅಣ್ಣ ಹೇಳಿದ್ರು. ನಾನು ಎರಡು ದಿನ ಹಾಗೇ ಮಾಡ್ದೆ. ಮೂರನೇ ದಿನ "ಎಲ್ಲವನ್ನೂ ಬದಲಿಸು" ಅನ್ನೂ ಬಟನ್ ಸಿಕ್ತು. ಒತ್ತಿದ್ರೆ ಇಡೀ ಪುಸ್ತಕದ ಪುಟದ ನಂಬರು ಒಮ್ಮೆಗೇ ಮಾಯ. ಇನ್ನೊಮ್ಮೆ ಒತ್ತಿದ್ರೆ ಸಾಲು ಸಾಲಿನ ಮಧ್ಯದ ಖಾಲಿ ಜಾಗ ಎಲ್ಲ ಮಾಯ. ಇನ್ನೂರು ಪುಟ ಗುಡಿಸಿ, ಎದ್ದು ಹೋಗಿ ಗೋಳಿಬಜೆ ತಿಂದು ಬಂದ್ರೂ ಅಣ್ಣ ಇನ್ನೂ ಅವ್ರ ಎಂಟನೇ ಪುಟದಲ್ಲೇ ಕನ್ನಡಕ ಒರಸ್ತಾ ಇರ್ತಿದ್ರು.

ಈ ಹೊತ್ತಿಗೇ ಅಜ್ಜಿ ಟ್ರಂಕಿನಿಂದ ಅಜ್ಜನ ಪುಸ್ತಕ ತೆಗ್ದದ್ದು.

ಅಮ್ಮನ ಅಪ್ಪ, ಅಂದ್ರೆ ನನ್ನ ಅಜ್ಜ, ತಾಂಡೇಲ ಆಗಿದ್ರು. ದೋಣಿಯ ಯಜಮಾನ, ಎಲ್ಲಿ ಬಲೆ ಬಿಡ್ಬೇಕು ಅಂತ ಹೇಳೂ ಮನುಷ್ಯ. ನಾನು ಹುಟ್ಟೂಕೆ ಮೊದ್ಲೇ ತೀರಿಹೋದ್ರು. ಅವ್ರಿಗೆ ಗೊತ್ತಿದ್ದ ಸಮುದ್ರದ ಜಾಗ ಎಲ್ಲ ನೆರೆಮನೆ ಮೇಷ್ಟ್ರ ಹತ್ರ ಹೇಳಿ ಬರೆಸಿ, ಒಂದು ತೆಳು ಪುಸ್ತಕ ಅಚ್ಚು ಹಾಕಿಸಿದ್ರು. ಎಲ್ಲಿ ನೀರಿನ ಅಡಿಗೆ ಕಲ್ಲು, ಎಲ್ಲಿ ಬರೀ ಮರಳು ಅಂತ. ಮರಳಾದ್ರೆ ಬಲೆ ಬಿಡ್ಬಹುದು. ಕಲ್ಲಾದ್ರೆ ಬಲೆ ಸಿಕ್ಕಿ ಹರಿದುಹೋಗ್ತದೆ. ಉಳಿದದ್ದು ಈ ಒಂದೇ ಪ್ರತಿ.

ಸಮುದ್ರದಲ್ಲಿ ಮೈಲಿಗಲ್ಲು ಇರೂದಿಲ್ಲ, ದಡವೇ ಗುರುತು. ಬಡಗು ಬದಿಯಲ್ಲಿ, ಅಂದ್ರೆ ಉತ್ತರಕ್ಕೆ, ಗುಡ್ಡದ ಕುತ್ತಿಗೆ ಹಳೇ ಚಿಮಣಿಯ ನೆತ್ತಿ ಮೇಲೆ ಬಂದು ಕೂರ್ಬೇಕು. ತೆಂಕು ಬದಿಯಲ್ಲಿ, ದಕ್ಷಿಣಕ್ಕೆ, ದೇವಸ್ಥಾನದ ಹಂಚಿನ ಮಾಡು ಕಪ್ಪು ಬಂಡೆಯ ಹಿಂದೆ ಅಡಗ್ಬೇಕು. ದೋಣಿಯ ಮುಂದೆ ಕೂತವ ಬಡಗು ನೋಡ್ತಾನೆ, ಹಿಂದೆ ಕೂತವ ತೆಂಕು ನೋಡ್ತಾನೆ. ಇಬ್ರೂ ಒಟ್ಟಿಗೆ "ಬಂತ್" ಅಂದ ಕಡೆ ಆ ಜಾಗ. ಪುಸ್ತಕವೂ ಇದೇ ಕ್ರಮದಲ್ಲಿ. ಎಡಪುಟದಲ್ಲಿ ಜಾಗದ ಹೆಸರು, ಬಡಗಿನ ಗುರುತು. ಅದೇ ಸಾಲಿನ ನೇರಕ್ಕೆ ಬಲಪುಟದಲ್ಲಿ ತೆಂಕಿನ ಗುರುತು. ಪುಸ್ತಕ ಬಿಡಿಸಿ ದೋಣಿಯ ಮಧ್ಯೆ ಇಟ್ರೆ ಇಬ್ರಿಗೂ ಅವರವರ ಪುಟ. ಕೆಲವು ಜಾಗಕ್ಕೆ ಬಡಗಿನ ಗುರುತೊಂದೇ ಸಾಕು, ಉಳಿದದ್ದು ಆಳ ಅಳೆದ್ರೆ ಗೊತ್ತಾಗ್ತದೆ. ಅಂಥ ಕಡೆ ಬಲಪುಟದ ಸಾಲು ಖಾಲಿ.

ಸಾಲಿಗೆ ನಂಬರು ಇಲ್ಲ. ಸಮುದ್ರ ಕೊಟ್ಟದ್ದನ್ನ ಎಣಿಸ್ಬಾರ್ದು, ಎಣಿಸಿದ್ರೆ ಕೊಡೂದು ನಿಲ್ಲಿಸ್ತದೆ ಅಂತ ಅಜ್ಜನ ಹಟ. ಮೇಷ್ಟ್ರು ನಂಬರು ಹಾಕ್ತೆ ಅಂದದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ರಂತೆ. ನಾನು ಹೇಳುವಾಗ ಮೂರು ತಿಂಗಳು ಅಂತ ಹೇಳೂದು.

ಮಾವ, ಅಜ್ಜಿಯ ಒಬ್ನೇ ಮಗ, ಈಗ ದೋಣಿ ನಡೆಸೂದು. ಅವ್ನ ಗುರುತು ಎಲ್ಲ ಫೋನಿನ ಜಿಪಿಎಸ್ಸಿನಲ್ಲಿತ್ತು. ಹಿಂದಿನ ವರ್ಷ ಫೋನು ಸಮುದ್ರಕ್ಕೆ ಬಿತ್ತು, ಗುರುತೆಲ್ಲ ಮೀನಿಗೆ ಹೋಯ್ತು. ಆಗಿಂದ ಅಜ್ಜಿಯದ್ದು ಒಂದೇ ಮಾತು, ಅಪ್ಪನ ಪುಸ್ತಕ ನೋಡು. ಮಾವನಿಗೆ ನಂಬಿಕೆ ಇಲ್ಲ. ಅಜ್ಜ ಕಥೆ ಕಟ್ಟೂದ್ರಲ್ಲಿ ಗಟ್ಟಿಗ, ಅರ್ಧ ಜಾಗ ಬಾಯಿಂದ ಹುಟ್ಟಿದ್ದು ಅಂತ ದಡದಲ್ಲಿ ಜನ ನಗಾಡ್ತಿದ್ದದ್ದು ಅವ್ನಿಗೂ ಗೊತ್ತು, ಅಜ್ಜಿಗೂ ಗೊತ್ತು. ಕಡೆಗೆ ಒಂದು ದಿನ ಊಟಕ್ಕೆ ಕೂತಾಗ ಮಾವ ಒಪ್ಪಿದ. ತನ್ನ ಅಮ್ಮನನ್ನ ಅವ್ನು ಅಬ್ಬಿ ಅಂತ ಕರೆಯೂದು.

"ಒಂದ್ ಸಲ ಹೋಪ. ಸಮಾ ಬಂದ್ರೆ ಈ ದಡದ ಎಲ್ರ ಫೋನಿಗೂ ನಾನೇ ಹಾಕಿ ಕೊಡ್ತೆ. ತಪ್ಪಿರೆ ಪುಸ್ತಕ ಅಟ್ಟಕ್ಕೆ. ಮತ್ತೆ ಆ ಮಾತ್ ತೆಗೂಕಿಲ್ಲ, ಅಬ್ಬಿ."

ಅಜ್ಜಿ ಅನ್ನದ ತಟ್ಟೆ ನೋಡ್ತಾ "ಆಯ್ತ್" ಅಂದ್ರು. ರಿಸಲ್ಟಿನ ದಿನ ನನ್ನ ಮುಖ ಕೂಡ ಅಷ್ಟು ಬಿಳಿ ಆಗಿರ್ಲಿಲ್ಲ.

ಪುಸ್ತಕ ಹುಡಿ ಹುಡಿ ಆಗ್ತಿತ್ತು, ದೋಣಿಗೆ ಒಯ್ಯೂಕೆ ಸಾಧ್ಯ ಇಲ್ಲ. ಇ-ಪುಸ್ತಕ ಮಾಡಿ ಕೊಡೂ ಕೆಲ್ಸ ನನ್ನ ತಲೆಗೆ ಬಂತು. ಬಂತು ಅಂದ್ರೆ ನಾನೇ ಕೈ ಎತ್ತಿ ತಕೊಂಡೆ. ಅಂಗಡಿಯಲ್ಲಿ ಸ್ಕ್ಯಾನ್ ಮಾಡ್ದೆ. ಎಡಪುಟ ಎಲ್ಲ ಒಂದು ಕಡೆ, ಬಲಪುಟ ಎಲ್ಲ ಒಂದು ಕಡೆ. ಬಟನ್ ಒತ್ತಿ ಕಸ ಗುಡಿಸ್ದೆ. ಆಮೇಲೆ ಎಡದ ಒಂದು ಸಾಲು, ಬಲದ ಒಂದು ಸಾಲು ಅಂತ ಜಡೆ ಹೆಣೆದ ಹಾಗೆ ಹೆಣೆದೆ. ಮನೆಗೆ ಬಂದು ಅಜ್ಜಿಗೆ ಮೊದಲಿನ ಮೂರು ಜಾಗ ಓದಿ ಹೇಳ್ದೆ. ಮೂರೂ ಅವ್ರ ನೆನಪಿಗೆ ತಾಳೆ ಆಯ್ತು. ಅಜ್ಜಿ ನನ್ನ ತಲೆ ಮೇಲೆ ಕೈ ಇಟ್ರು. ಆ ಕೈಯ ಸುದ್ದಿ ನಾನು ಬಸ್ಸಿನಲ್ಲಿ ಪಕ್ಕ ಕೂತವ್ರಿಗೂ ಹೇಳಿದ್ದೇನೆ.

ಮಾವ ಆರಿಸಿದ್ದು ಹಾಲ್ ಮರಳು ಅನ್ನೂ ಜಾಗ. ಪುಸ್ತಕದ ಮಧ್ಯದಲ್ಲಿತ್ತು. ಅಲ್ಲಿ ಅಡಿಗೆ ಬರೀ ಬಿಳಿ ಮರಳು ಅಂತ ಅಜ್ಜ ಬರೆಸಿದ್ರು. ಅದರ ಕೆಳಗಿನ ಸಾಲೇ ಮುದುಕಿ ಕಲ್ಲು.

ಆ ದಿನ ಬೆಳಿಗ್ಗೆ ನಾನು ಕುಂದಾಪುರದಲ್ಲಿ ಅಂಗಡಿಯ ಬಾಗಿಲು ತೆಗ್ದು ಕೂತದ್ದೇ ಫೋನು ಬಂತು. ಬ್ರಹ್ಮಾವರದ ಅಡುಗೆ ಪುಸ್ತಕದವ್ರು. ನಾನು ಕಳಿಸಿದ್ದ ಇ-ಪುಸ್ತಕ ನೋಡಿ ಅವ್ರ ಸೊಸೆ ಸಾರು ಮಾಡೂಕೆ ಹೊರಟಿದ್ಳಂತೆ.

"ಹ್ವಾಯ್, ಸಾರಿಗೆ ಎರಡ್ ಕಪ್ ಉಪ್ಪ್ ಅಂದೇಳಿ ಇತ್ತಲೆ. ನೀವ್ ಮಾಡಿ ಉಂಡ್ ಕಂಡಿದ್ರ್ಯಾ?"

ನಂಗೆ ನಗು ತಡೀಲಿಲ್ಲ. ಫೈಲು ತೆಗ್ದು ನೋಡ್ದೆ. ಉಪ್ಪು ಎರಡು ಕಪ್, ತೆಂಗಿನತುರಿ ಒಂದು ಚಿಟಿಕೆ, ಅರಶಿನ ನಿಂಬೆಹಣ್ಣಿನಷ್ಟು ದೊಡ್ಡದು. ಹಳೇ ಪುಸ್ತಕ ಪಕ್ಕಕ್ಕೆ ಇಟ್ಟು ನೋಡ್ದೆ. ಎಡಕ್ಕೆ ಸಾಮಾನು, ಬಲಕ್ಕೆ ಅಳತೆ. ಉಪ್ಪಿನ ಎದುರು ಖಾಲಿ, ಅವರವರ ನಾಲಿಗೆಗೆ ಬಿಟ್ಟದ್ದು ಅಂತ. ನಾನು ಒತ್ತಿದ ಬಟನ್ ಆ ಖಾಲಿ ಜಾಗ ಅಳಿಸಿತ್ತು. ಕೆಳಗಿದ್ದ ಅಳತೆ ಎಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿ ಕೂತಿತ್ತು.

ನಗು ಅರ್ಧಕ್ಕೇ ನಿಂತದ್ದು ನಂಗೆ ನೆನಪಿದೆ. ಫೋನಿನ ಆ ಕಡೆ ಅವ್ರು ಇನ್ನೂ ಮಾತಾಡ್ತಿದ್ರು. ನಾನು ಆಗ್ಲೇ ಅಜ್ಜನ ಪುಸ್ತಕದ ಸ್ಕ್ಯಾನ್ ತೆಗೀತಿದ್ದೆ. ಬಲಪುಟ. ಐದನೇ ಸಾಲು ಆದ ಮೇಲೆ ಒಂದು ಖಾಲಿ, ಹಾಲ್ ಮರಳಿನವರೆಗೆ ಅದೊಂದೇ. ಅಲ್ಲಿಂದ ಕೆಳಗಿದ್ದ ತೆಂಕಿನ ಗುರುತೆಲ್ಲ ಒಂದೊಂದು ಸಾಲು ಮೇಲೆ. ನಾನು ಅಜ್ಜಿಗೆ ಓದಿ ಹೇಳಿದ್ದು ಮೂರೇ. ಮಾವನ ಫೋನಲ್ಲಿ ಈಗ ಹಾಲ್ ಮರಳಿಗೆ ಬಡಗಿನ ಗುರುತು ಮರಳಿನದ್ದು, ತೆಂಕಿನ ಗುರುತು ಮುದುಕಿ ಕಲ್ಲಿಂದು.

ಅವ್ರ ಫೋನು ಇಟ್ಟು ಮಾವನಿಗೆ ಮಾಡ್ದೆ. ವ್ಯಾಪ್ತಿ ಪ್ರದೇಶದ ಹೊರಗೆ, ದಡದಲ್ಲೂ ನೆಟ್‌ವರ್ಕ್ ಸಿಗೂದು ಅಪರೂಪ. ಮತ್ತೆ ಮಾಡ್ದೆ. ಆ ರೆಕಾರ್ಡಿನ ಹೆಂಗಸಿನ ಧ್ವನಿ ಅಷ್ಟು ಶಾಂತವಾಗಿ ಯಾಕೆ ಹೇಳ್ಬೇಕು ಅದನ್ನ? ಮನೆಗೆ ಮಾಡ್ದೆ. ಅಜ್ಜಿ ತೆಗ್ದ್ರು. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗ್ಲಿಲ್ಲ, ಈಗ ಸರಿ ಆಯ್ತಂತೆ, ಮಾವ ದಡಕ್ಕೆ ಹೋದ, ಇನ್ನೇನು ದೋಣಿ ನೂಕ್ತಾರೆ, ತಾನೂ ಅಲ್ಲಿಗೇ ಹೊರಟದ್ದು ಅಂದ್ರು. ಧ್ವನಿಯಲ್ಲಿ ಮದುವೆ ಮನೆಯ ಗಡಿಬಿಡಿ.

ಒಂದು ಮಾತು ಸಾಕಿತ್ತು. ನಾನು ತಪ್ಪು ಮಾಡಿದ್ದೇನೆ, ದೋಣಿ ನಿಲ್ಲಿಸಿ. ಅಜ್ಜಿ ಓಡಿ ಹೋಗಿ ನಿಲ್ಲಿಸ್ತಿದ್ರು. ನನ್ನ ಬಾಯಿಂದ ಎಂತ ಬಂತು ಗೊತ್ತುಂಟಾ? ನಂಗೂ ದೋಣಿಗೆ ಬರ್ಬೇಕು ಅಂತ ಆಸೆ ಆಗಿದೆ, ಸ್ವಲ್ಪ ಕಾಯೂಕೆ ಹೇಳಿ, ನಾನು ಬಂದೆ ಅಂದೆ. ತಲೆ ಮೇಲಿಟ್ಟ ಕೈ ತೆಗೀತಾರೆ ಅಂತ ಹೆದರಿಕೆ.

"ನಿಂಗೆಂತ ಹುಚ್ಚಾ ಹೆಣ್ಣೇ. ಕೆಲ್ಸ ಕಾಣ್" ಅಂತ ಹೇಳಿ ಅಜ್ಜಿ ಫೋನು ಇಟ್ರು. ಮತ್ತೆ ಮಾಡ್ದೆ, ತೆಗೀಲಿಲ್ಲ. ಹೊರಟಾಗಿತ್ತು.

ಅಂಗಡಿಯ ಅಣ್ಣನಿಗೆ ಹೊಟ್ಟೆನೋವು ಅಂದು ಬಸ್ಸಿಗೆ ಓಡ್ದೆ. ಕುಂದಾಪುರದಿಂದ ನಾವುಂದಕ್ಕೆ ಬಸ್ಸು ಹಾರ್ಕೊಂಡು ಹೋಗ್ತದೆ, ಬಾಗಿಲಲ್ಲಿ ನಿಂತವ್ರ ಕೂದಲು ನೆಟ್ಟಗಾಗ್ತದೆ ಅಂತ ನಾನೇ ಎಷ್ಟು ಸಲ ವರ್ಣಿಸಿದ್ದೆ. ಆ ದಿನ ಆ ಬಸ್ಸು ಕೈ ತೋರಿಸಿದ ದನಕ್ಕೂ ನಿಲ್ತಾ ಇತ್ತು. ಒಬ್ರು ಅಜ್ಜ ಹತ್ತೂಕೆ ತಕೊಂಡ ಹೊತ್ತಿನಲ್ಲಿ ನಾನು ಒಂದು ಪುಸ್ತಕ ಗುಡಿಸ್ತಿದ್ದೆ. ತ್ರಾಸಿ ದಾಟಿದ್ದೇ ಎಡಕ್ಕೆ ಸಮುದ್ರ ಬಂತು. ಕಿಟಕಿಗೆ ಹಣೆ ಒತ್ತಿ ಹುಡುಕ್ದೆ. ಬಿಸಿಲಿಗೆ ನೀರೆಲ್ಲ ತಗಡಿನ ಹಾಗೆ ಹೊಳೀತಿತ್ತು. ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕಿ. ಯಾವುದು ನಮ್ಮದು? ಸ್ಕ್ಯಾನಿನಲ್ಲಾದ್ರೆ ಅಂಥ ಚುಕ್ಕಿಯನ್ನ ನಾನು ಕಣ್ಣು ಮುಚ್ಚಿ ಅಳಿಸ್ತಿದ್ದೆ.

ನಾವುಂದದಲ್ಲಿ ಇಳಿದು ದಡಕ್ಕೆ ಓಡುವಾಗ ಒಂದು ಚಪ್ಪಲಿ ಮರಳಲ್ಲಿ ಉಳೀತು. ಅಜ್ಜಿ ದಡದ ಮೇಲೆ ತೆಂಗಿನ ನೆರಳಲ್ಲಿ ನಿಂತಿದ್ರು. ಕೂತಿರ್ಲಿಲ್ಲ. ಕೈ ಹಣೆಗೆ ಅಡ್ಡ ಹಿಡಿದು ನೀರಿನ ಮೇಲೆ ಒಂದೇ ಕಡೆ ನೋಡ್ತಿದ್ರು. ನಾನು ಬಂದದ್ದು ಗೊತ್ತಾದ್ರೂ ತಿರುಗ್ಲಿಲ್ಲ.

"ಇವ ಎಲ್ಲಿ ನಿಲ್ಸಿದ?" ಅಂದ್ರು.

ಗಂಡ ದೋಣಿ ನಿಲ್ಲಿಸೂದನ್ನ ಈ ದಡದಿಂದ್ಲೇ ನೋಡಿ ಬದುಕಿದವ್ರು ಅವ್ರು. ಯಾವ ಜಾಗಕ್ಕೆ ದೋಣಿ ನಿಂತ್ರೆ ದಡಕ್ಕೆ ಹೇಗೆ ಕಾಣ್ತದೆ ಅಂತ ಪುಸ್ತಕ ಇಲ್ದೇ ಗೊತ್ತು. ಬೆರಳು ಎತ್ತಿ ಇನ್ನೂ ತೆಂಕಿಗೆ ತೋರಿಸಿದ್ರು. ಹಾಲ್ ಮರಳು ಅಲ್ಲಿ. ಇವ್ನು ನಿಂತದ್ದು ಕಲ್ಲಿನ ಅಂಚಲ್ಲಿ. ಆಮೇಲೆ ಬೆರಳು ನಿಧಾನ ಕೆಳಗೆ ಬಂತು.

"ಹಂಗಾರೆ ಅವ್ರ್ ತಪ್ಪ್ ಬರ್ಸಿದ್ರಾ?"

ನಂಗಲ್ಲ ಕೇಳಿದ್ದು. ನೀರಿಗೆ ಕೇಳಿದ ಹಾಗಿತ್ತು. ದೋಣಿಯಲ್ಲಿ ಮಾವ ಬಗ್ಗಿ ಬಗ್ಗಿ ಬಲೆ ಬಿಡ್ತಿದ್ದದ್ದು ಕಾಣ್ತಿತ್ತು. ಹೊಸ ಬಲೆ. ನಾನು ಅಜ್ಜಿಯ ಸೆರಗು ಹಿಡಿದು ಎಳೆದೆ.

"ಅಜ್ಜ ಅಲ್ಲ ಅಜ್ಜಿ. ನಾನ್."

ಅವ್ರು ನನ್ನ ಮುಖ ಒಮ್ಮೆ ನೋಡಿದ್ರು. ನನ್ನ ಹೆಗಲಿಂದ ಕೆಂಪು ವೇಲ್ ಎಳ್ಕೊಂಡು ನೀರಿನ ಅಂಚಿಗೆ ಓಡಿದ್ರು. ಮಂಡಿ ನೋವು ಅಂತ ಬಚ್ಚಲಿಗೂ ಗೋಡೆ ಹಿಡ್ಕೊಂಡು ಹೋಗೂ ಅಜ್ಜಿ. ಹಿಂದೆ ದಡದಿಂದ ದೋಣಿಗೆ ಬಟ್ಟೆ ಬೀಸಿ ದಾರಿ ಹೇಳೂ ಕ್ರಮ ಇತ್ತಂತೆ. ಮೇಲಿಂದ ಕೆಳಕ್ಕೆ ಜೋರಾಗಿ ಹೊಡೆದ್ರೆ, ಬಲೆ ಎಳೀರಿ ಅಂತ. ಸೊಂಟದ ಮಟ್ಟಕ್ಕೆ ನೀರಲ್ಲಿ ನಿಂತು ಅವ್ರು ಹಾಗೆ ಹೊಡೀತಾ ಇದ್ರು. ವೇಲ್ ಒದ್ದೆಯಾಗಿ ಭಾರ ಆಯ್ತು. ನಾನು ಹಿಡ್ದೆ. ಇಬ್ರೂ ಹೊಡೆದೆವು. ಮಾವ ಇನ್ನೂ ಬಗ್ಗಿದ್ದ. ಒಂದು ಅಲೆ, ಇನ್ನೊಂದು ಅಲೆ. ಆಮೇಲೆ ದೋಣಿಯ ಹಿಂದೆ ಕೂತಿದ್ದ ಜೊತೆಗಾರ ಎದ್ದು ನಿಂತ. ಮಾವನೂ ಸೊಂಟ ನೆಟ್ಟಗೆ ಮಾಡ್ದ.

ಬಲೆ ಎಳೀತಾ ಇದ್ದದ್ದು ಕಂಡಿತು. ಸ್ವಲ್ಪ ಬಂತು, ನಿಂತಿತು. ದೋಣಿ ಒಂದು ಬದಿಗೆ ವಾಲಿತು. ಮತ್ತೆ ಎಳೆದ್ರು. ಮಾವ ಸೊಂಟದಿಂದ ಕತ್ತಿ ತೆಗ್ದದ್ದು ಅಷ್ಟು ದೂರಕ್ಕೂ ಮಿಂಚಿತು. ಕೊಯ್ದ.

ದಡಕ್ಕೆ ಬಂದಾಗ ಬಲೆಯ ಒಂದು ತುದಿ ಇರ್ಲಿಲ್ಲ, ಉಳಿದದ್ದಕ್ಕೂ ಅಲ್ಲಲ್ಲಿ ನಾಯಿ ಕಚ್ಚಿದ ಹಾಗೆ ತೂತು. ಮಾವ ಬಲೆಯನ್ನ ಮರಳ ಮೇಲೆ ಹರಡ್ದ. ಮಾತಾಡಿದ್ದು ಜೊತೆಗಾರ. ಸತ್ತವ್ರನ್ನ ಎಂತ ಹೇಳೂದು ಮಾರಾಯ, ಅವ್ರು ಸಮುದ್ರದ ಬಗ್ಗೆ ಒಳ್ಳೆ ಕಥೆ ಹೇಳ್ತಿದ್ರು, ನಾವು ಆ ಕಥೆಗೆ ಬಲೆ ಬಿಟ್ಟೆವು ಅಂದ. ಮಾವ ಅಜ್ಜಿಯ ಮುಖ ನೋಡ್ಲಿಲ್ಲ.

"ಅಟ್ಟಕ್ಕೆ ಇಡ್ವ ಅಬ್ಬಿ" ಅಂದ, ಮೆಲ್ಲಗೆ.

ನಾನು ಮಧ್ಯೆ ನುಗ್ಗಿದೆ. ಅಜ್ಜನ ತಪ್ಪಲ್ಲ, ನಾನು ಖಾಲಿ ಸಾಲು ಅಳಿಸಿದ್ದು, ಗುರುತು ಒಂದೊಂದು ಸಾಲು ಮೇಲೆ ಹೋಗಿದೆ ಅಂತ ಒಂದೇ ಉಸಿರಿಗೆ ಹೇಳ್ದೆ. ಬ್ರಹ್ಮಾವರದ ಉಪ್ಪಿನ ವಿಷಯವೂ ಬಂತು. ಜೊತೆಗಾರ ನಗಾಡೂಕೆ ಶುರು ಮಾಡ್ದ. ಮಾವ ನಗಾಡ್ಲಿಲ್ಲ, ಆದ್ರೆ ನಂಬ್ಲೂ ಇಲ್ಲ.

"ಅಜ್ಜಿಗೆ ಬೇಜಾರಾತ್ತ್ ಅಂದೇಳಿ ನೀನ್ ಮೈಮೇಲೆ ಹಾಕ್ಕಣ್ಬೇಡ. ನಿನ್ ಕಥೆ ನಂಗೆ ಗೊತ್ತಿತ್ತ್."

ಇದು ನಾನು ಲೆಕ್ಕ ಹಾಕದೇ ಇದ್ದ ಜಾಗ. ಹುಟ್ಟಿದಾಗಿಂದ ಒಂದನ್ನ ಹತ್ತು ಮಾಡಿ ಹೇಳಿ ಹೇಳಿ, ಜೀವನದಲ್ಲಿ ಒಮ್ಮೆ ಹಾಗೆ ಹಾಗೆಯೇ ನಿಜ ಹೇಳಿದ್ರೆ ಯಾರಿಗೂ ಬೇಡ. ದೇವರಾಣೆ ಅಂದೆ. ದೇವರಾಣೆಯೂ ನಾನು ವಾರಕ್ಕೆ ನಾಲ್ಕು ಸಲ ಹಾಕೂದು ಮಾವನಿಗೆ ಗೊತ್ತಿತ್ತು.

ಮನೆಗೆ ಓಡಿ ಹಳೇ ಪುಸ್ತಕ ತಂದೆ. ಒಂದೇ ಚಪ್ಪಲಿಯಲ್ಲಿ. ದೋಣಿಯ ಅಡ್ಡಹಲಗೆ ಮೇಲೆ ಬಿಡಿಸಿ ಇಟ್ಟು, ಬಲಪುಟದ ಖಾಲಿ ಜಾಗದ ಮೇಲೆ ಬೆರಳು ಇಟ್ಟೆ. ಪಕ್ಕಕ್ಕೆ ಮಾವನ ಫೋನು. ಮಾವ ಪುಸ್ತಕ ನೋಡ್ದ, ಫೋನು ನೋಡ್ದ, ಮತ್ತೆ ಪುಸ್ತಕ. ತಪ್ಪಿದ್ದು ಫೋನೇ ಇರ್ಬಹುದು, ಹಾಗಂತ ಪುಸ್ತಕ ಸರಿ ಅಂತ ಹೇಳೂಕಾಗ್ತದಾ ಅಂದ ಜೊತೆಗಾರ. ಅವ್ನು ಹೇಳಿದ್ದು ಸರಿಯೇ. ಎರಡನೇ ಸಲ ಬಿಸಿಲಿಗೆ ಬರೂಕೆ ತನ್ನಿಂದಾಗ ಅಂತ್ಲೂ ಹೇಳಿ ನೆರಳಿಗೆ ಹೋಗಿ ಕೂತ.

ಅಜ್ಜಿ ಒದ್ದೆ ಸೀರೆಯ ಸೆರಗು ಹಿಂಡ್ತಿದ್ರು.

ಮಾವ ಪುಸ್ತಕ ಎತ್ತಿ ನನ್ನ ಕೈಗೆ ಕೊಟ್ಟ. "ಹಿಂದೆ ಕೂಕೋ" ಅಂದ.

ದೋಣಿಯ ಹಿಂದೆ ಕೂತು ತೆಂಕು ನೋಡೂ ಕೆಲ್ಸ ಎಂಥದ್ದು ಅಂತ ಆವತ್ತು ಗೊತ್ತಾಯ್ತು. ದಡ ಅಲ್ಲಾಡ್ತದೆ, ಹೊಟ್ಟೆ ಅಲ್ಲಾಡ್ತದೆ, ಬೆಳಗ್ಗಿನ ಇಡ್ಲಿ ನನ್ನ ಬಿಟ್ಟು ಸಮುದ್ರಕ್ಕೆ ಹೋಗೂಕೆ ಗಂಟಲವರೆಗೆ ಬಂದು ನಿಂತಿತ್ತು. ಬಲಪುಟ ಓದ್ದೆ. ದೇವಸ್ಥಾನದ ಮಾಡು ಕಪ್ಪು ಬಂಡೆಯ ಹಿಂದೆ ಅಡಗ್ಬೇಕು. ಮಾಡು ಇನ್ನೂ ಅರ್ಧ ಹೊರಗೆ ಕಾಣ್ತಿತ್ತು. ಬಂತು ಅಂತ ಹೇಳೂಕೆ ಬಾಯಿ ತುದಿಗೆ ಬಂದಿತ್ತು, ಒಂದು ಚೂರು ಆಚೀಚೆ ಯಾರಿಗೆ ಗೊತ್ತಾಗ್ತದೆ. ಹೇಳ್ಲಿಲ್ಲ. ದೋಣಿ ಇನ್ನೂ ಸರೀತು. ಮಾಡು ಬಂಡೆಯ ಹಿಂದೆ ಹೋಗ್ತಾ ಹೋಗ್ತಾ, ಕಳಶ ಮಾತ್ರ ಉಳೀತು, ಅದೂ ಹೋಯ್ತು.

"ಬಂತ್" ಅಂದೆ.

ಮುಂದಿನಿಂದ ಮಾವನ ಧ್ವನಿಯೂ ಅದೇ ಹೊತ್ತಿಗೆ ಬಂತು.

ಎಂಜಿನ್ ನಿಂತಿತು. ಮಾವ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ತೆಗ್ದು, ಅದರ ಅಡಿಗೆ ಸೋಪು ಮೆತ್ತಿದ. ಕಲ್ಲಾದ್ರೆ ಸೋಪಿನ ಮೇಲೆ ಗೀರು ಬೀಳ್ತದೆ, ಮರಳಾದ್ರೆ ಅಂಟಿ ಬರ್ತದೆ. ಹಗ್ಗ ಅವ್ನ ಕೈಯಿಂದ ಮಾರು ಮಾರು ಜಾರಿ ಇಳೀತು. ನಿಂತಿತು. ಅವ್ನು ಒಮ್ಮೆ ಎತ್ತಿ ಕುಟ್ಟಿದ. ಮೇಲೆ ಎಳೀವಾಗ ಅವ್ನ ಬೆನ್ನು ಮಾತ್ರ ನಂಗೆ ಕಾಣ್ತಿದ್ದದ್ದು.

ಗುಂಡು ಮೇಲೆ ಬಂತು. ಮಾವ ಅದನ್ನ ಅಂಗೈಯಲ್ಲಿ ತಿರುಗಿಸಿ ನೋಡ್ದ. ಆಮೇಲೆ ಪಕ್ಕದಲ್ಲಿ ಇನ್ನೊಮ್ಮೆ ಇಳಿಸ್ದ, ಇನ್ನೂ ಆಚೆ ಮೂರನೇ ಸಲ. ಮೂರನೇದ್ದು ಎಳೆದಾದ ಮೇಲೆ ಹಿಂದಕ್ಕೆ ತಿರುಗಿ ಕೈ ಚಾಚಿದ. ಸೋಪಿನ ಮೇಲೆ ಸಕ್ಕರೆ ಅದ್ದಿದ ಹಾಗೆ ಬಿಳಿ ಮರಳು.

ನಾವು ದಡ ಮುಟ್ಟುವವರೆಗೆ ಅಜ್ಜಿ ನೀರಿನ ಅಂಚಲ್ಲೇ ಇದ್ರು. ಮಾವ ದೋಣಿಯಿಂದ ಇಳಿದು ಗುಂಡನ್ನ ಅವ್ರ ಕೈಯಲ್ಲಿಟ್ಟ. ಅಜ್ಜಿ ಹೆಬ್ಬೆರಳಿನಿಂದ ಮರಳನ್ನ ಮೆಲ್ಲಗೆ ಉಜ್ಜಿ ನೋಡಿದ್ರು. ಮರಳು ಬಿದ್ದು ಹೋಗ್ಬಾರ್ದು ಅಂತ ಇನ್ನೊಂದು ಕೈ ಅಡಿಗೆ ಹಿಡ್ಕೊಂಡು, ಮನೆ ಕಡೆ ಹೊರಟೇ ಬಿಟ್ರು.

ಮಾವ ನೆರಳಲ್ಲಿ ಕೂತಿದ್ದ ಜೊತೆಗಾರನ ಹತ್ರ ಹೋಗಿ, ನಿನ್ನ ಫೋನಲ್ಲಿ ಜಾಗ ಉಂಟಾ ಅಂತ ಕೇಳ್ದ. ಯಾಕೆ ಅಂತ ಅವ್ನು ಕೇಳಿದ್ದಕ್ಕೆ, "ಅಪ್ಪಯ್ಯನ ಪುಸ್ತಕ ಹಾಕಿ ಕೊಡ್ತೆ. ಇವತ್ತಲ್ಲ. ಈ ಹೆಣ್ಣ್ ಒಂದೊಂದ್ ಸಾಲೂ ನನ್ನ ಎದ್ರಿಗೆ ಕೂಕಂಡ್ ತಾಳೆ ಕಂಡಾದ್ ಮೇಲೆ" ಅಂದ.

ಆ ಮಧ್ಯಾಹ್ನವೇ ಕೂತೆವು. ಮಾವ ಎಡಪುಟ, ನಾನು ಬಲಪುಟ, ನಮ್ಮ ಮಧ್ಯೆ ಹರಿದ ಬಲೆ. ಅವ್ನು ಒಂದು ಸಾಲು ಓದಿ, ತೂತಿಗೆ ಒಂದು ಗಂಟು ಹಾಕಿ, ನನ್ನ ಮುಖ ನೋಡ್ತಿದ್ದ. ನನ್ನ ಪುಟದಲ್ಲಿ ಎಂತದೂ ಇಲ್ಲದ ಕಡೆ, "ಖಾಲಿ" ಅಂತ ನಾನು ಬಾಯಿಬಿಟ್ಟು ಹೇಳುವವರೆಗೂ ಮುಂದಿನ ಸಾಲಿಗೆ ಹೋಗ್ಲಿಲ್ಲ.